ಬಾವಿ ಸೀನಿಗೆ ಕತ್ತರಿ ಹಾಕಿದವರು ಯಾರು

ನಮ್ಮ ಬಿಳಿಕೆರೆ ಹಳೇ ಚಿತ್ರಪ್ರೇಮಿಗಳ ಬಳಗದ ಅಧ್ಯಕ್ಷರೂ ಗೊಬ್ಬರದ ಅಂಗಡಿಯ ಮಾಲೀಕರೂ ಆದ ಶಿವಶಂಕರ್ ಅವರೇ, ಟಿ.ವಿ.ಯೊಳಗಿಂದ ಇಳಿದು ನಮ್ಮೂರಿನ ಬಸ್‌ಸ್ಟ್ಯಾಂಡಿಗೆ ಬಂದಂತೆ ಬಂದಿರುವ ಮುಖ್ಯ ಅತಿಥಿ, ಭಾನುವಾರದ ಹಳೇ ಸಿನಿಮಾ ಕಾರ್ಯಕ್ರಮದ ನಿರೂಪಕಿ ಕುಮಾರಿ ಬೃಂದಾ ಅವರೇ, ಇನ್ನು ಸ್ವಲ್ಪ ಹೊತ್ತಿಗೆ ಸನ್ಮಾನ ಸ್ವೀಕರಿಸಲಿರುವ ವೀರಮ್ಮನವರೇ, ಮುಂದಿನ ಸಾಲಿನಲ್ಲಿ ಕೂತಿರುವ ಅವರ ಅತ್ತೆ ಪುಟ್ಟಸಿದ್ದಮ್ಮನವರೇ, ಮತ್ತು ಫ್ಯಾನಿನ ಕೆಳಗೆ ಜಾಗ ಸಿಕ್ಕಿರುವ, ಸಿಗದಿರುವ ಎಲ್ಲ ಸಭಿಕರೇ. ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಈಗಲೇ ಕೈ ಎತ್ತಿಬಿಡಿ. ಹೋದ ವರ್ಷ ಒಬ್ಬರ ಹೆಸರು ಬಿಟ್ಟು, ಆರು ತಿಂಗಳು ಅವರ ಬೀದಿಯಲ್ಲಿ ಓಡಾಡಲಿಲ್ಲ ನಾನು.

ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. ಸನ್ಮಾನಕ್ಕೆ ಮೊದಲೇ ವಂದನಾರ್ಪಣೆ ಯಾಕೆ ಅಂತ ಕೇಳುತ್ತೀರಿ. ನಾನೇ ಕೇಳಿಕೊಂಡದ್ದು. ಸನ್ಮಾನ ಮುಗಿದರೆ ಖುರ್ಚಿಗಳು ಮಾತ್ರ ಉಳಿಯುತ್ತವೆ, ಖುರ್ಚಿಗಳಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ನಾನು ಓದಿದವನಲ್ಲ. ಮಿಡ್ಲ್ ಸ್ಕೂಲಿಗೆ ಮೂರು ಸಲ ಸೇರಿ ಮೂರು ಸಲ ಬಿಟ್ಟವನು. ಒಮ್ಮೆ ಜ್ವರಕ್ಕೆ, ಒಮ್ಮೆ ಹೊಗೆಸೊಪ್ಪಿನ ನಾಟಿಗೆ, ಒಮ್ಮೆ ಲೆಕ್ಕದ ಮೇಷ್ಟರಿಗೆ ಹೆದರಿ. ಈ ಭಾಷಣವನ್ನು ಮೊಮ್ಮಗಳು ಅನುಶ್ರೀ ತಿದ್ದಿಕೊಟ್ಟಿದ್ದಾಳೆ. ಅವಳು ತಿದ್ದಿದ ಮೇಲೆ ನಾನು ಎರಡು ಹಾಳೆ ಸೇರಿಸಿದ್ದೇನೆ. ಅದು ಅವಳಿಗೆ ಗೊತ್ತಿಲ್ಲ. ಅಲ್ಲಿ ಬಾಗಿಲ ಹತ್ತಿರ ನಿಂತು ನನ್ನ ಕೈಲಿರುವ ಹಾಳೆ ಎಣಿಸುತ್ತಿದ್ದಾಳೆ.

ನಮ್ಮ ಬಳಗ ಹುಟ್ಟಿದ್ದು ವಿಮಲಮ್ಮನವರ ಹೋಟೆಲಿನಲ್ಲಿ. ಭಾನುವಾರ ಹನ್ನೊಂದಕ್ಕೆ ಅಲ್ಲಿನ ಟಿ.ವಿ.ಯಲ್ಲಿ ಕಪ್ಪು ಬಿಳುಪು ಚಿತ್ರ ಬರುತ್ತದೆ, ನಾವು ಹದಿನಾಲ್ಕು ಜನ ಎದುರಿಗೆ ಕೂರುತ್ತೇವೆ. ಚಿತ್ರ ನೋಡುತ್ತೇವೆ ಅಂದರೆ ತಪ್ಪಾದೀತು. ಚಿತ್ರದ ಮೇಲೆ ಮಾತಾಡುತ್ತೇವೆ. ಅಧ್ಯಕ್ಷರು ನನಗೆ ಹೇಳುತ್ತಾರೆ, "ಲೇ ನಿಂಗಯ್ಯ, ಅವತ್ತಿನ ಈರೋಗಳು ಒಂದು ಉಬ್ಬು ಏರ್ಸುದ್ರೆ ಸಾಕಾಗಿತ್ತು ಕಣ್ಲಾ. ಇವತ್ತಿನೋರು ಎಂಟನೇ ಮಾಳ್ಗೆಯಿಂದ ಬಿದ್ರೂ ಆ ಕೆಲ್ಸ ಆಗಕಿಲ್ಲ." ಒಳಗಿಂದ ವಿಮಲಮ್ಮ, "ಉಬ್ಬು ಏರ್ಸಿದ್ದು ಸಾಕು, ಲೋಟ ಇತ್ಲಾಗೆ ಕೊಡ್ರಿ, ತೊಳೀಬೇಕು" ಅನ್ನುತ್ತಾರೆ. ಇದು ನಮ್ಮ ಕಲಾಸೇವೆ.

ಟಿ.ವಿ.ಯವರ ಮೇಲೆ ನಮಗೆ ಕೋಪ ಇಲ್ಲವೇ? ಇದೆ. ನ್ಯಾಯವಾದ ಕೋಪ. ಬಳ್ಳಿಯಂತಿದ್ದ ನಾಯಕಿಯನ್ನು ಅಡ್ಡಡ್ಡ ಎಳೆದು ಮುದ್ದೆಯಂತೆ ಮಾಡಿ ತೋರಿಸುವವರು ಯಾರು? ಅವಳ ಕುಂಕುಮದ ಮೇಲೆ ಸರಿಯಾಗಿ ತಮ್ಮ ಚಾನೆಲ್ಲಿನ ಗುರುತು ಅಂಟಿಸುವವರು ಯಾರು? ತಾಯಿ ಕೊನೆಯುಸಿರು ಎಳೆಯುವಾಗ "ಈಗ ಇನ್ನಷ್ಟು ಖಾರ" ಅಂತ ಸಾಂಬಾರ್ ಪುಡಿ ತರುವವರು ಯಾರು? ಬೃಂದಾ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಹೋದ ತಿಂಗಳು ಚಿತ್ರ ಶುರುವಾಗುವ ಮೊದಲೇ ನೀವು ನಗುನಗುತ್ತಾ ಹೇಳಿದಿರಿ, "ಕೊನೆಗೆ ಸ್ವಂತ ಅಣ್ಣನೇ ಕೊಲೆಗಾರ ಎಂದು ತಿಳಿದಾಗ ತಂಗಿ ಏನು ಮಾಡುತ್ತಾಳೆ? ನೋಡಿ ಆನಂದಿಸಿ!" ನಮಗೆ ನೋಡಲು ಇನ್ನೇನು ಉಳಿಯಿತು ತಾಯಿ? ಸಾಂಬಾರ್ ಪುಡಿ ನೋಡಿದೆವು.

ಆದರೆ ಇವತ್ತಿನ ಸಭೆ ಸೇರಿರುವುದು ಆ ಕೋಪಕ್ಕಲ್ಲ, ಬಾವಿ ಸೀನಿಗೆ. ಪಕ್ಕದೂರಿಂದ ಬಂದವರಿಗಾಗಿ ಹೇಳುತ್ತೇನೆ. ವೀರಮ್ಮನವರ ತವರು ರಾವಂದೂರು. ಅವರಿಗೆ ಹದಿನೆಂಟು ವರ್ಷವಿದ್ದಾಗ ಆ ಕಡೆಯ ಒಂದು ಬಾವಿಯ ಹತ್ತಿರ ಸಿನಿಮಾದವರು ಬಂದರು. ನಾಯಕಿಯ ಹಿಂದೆ ಕೊಡ ಹಿಡಿದು ನಿಲ್ಲಲು ಊರಿನ ಏಳು ಹುಡುಗಿಯರನ್ನು ಕರೆದರು. ಅದರಲ್ಲಿ ವೀರಮ್ಮನವರೂ ಒಬ್ಬರು. ಮರುವರ್ಷ ಮದುವೆಯಾಗಿ ನಮ್ಮ ಕಡೆಗೆ ಬಂದರು. ಬಂದ ಹೊಸದರಲ್ಲಿ ಅತ್ತೆಗೆ ಹೇಳಿದರು, ನಾನು ಪಿಚ್ಚರ್‌ನಲ್ಲಿದೀನಿ ಅಂತ. ಆ ಚಿತ್ರ ಬಿಳಿಕೆರೆಯ ಟೆಂಟಿಗೆ ಬಂದಾಗ ಎರಡು ಗಾಡಿ ಕಟ್ಟಿಸಿ, ಗಂಡನ ಮನೆಯ ಹದಿಮೂರು ಜನರನ್ನು ಕರೆತಂದರು. ಹದಿಮೂರು ಜನವೂ ಕಣ್ಣು ಮಿಟುಕಿಸದೆ ಕೂತರು. ನಾಯಕಿ ಕೊಡ ಎತ್ತಿಕೊಂಡು ಮನೆಯಿಂದ ಹೊರಟಳು. ಮರುಕ್ಷಣ ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದಳು. ಬಾವಿ ಬರಲೇ ಇಲ್ಲ.

ಪುಟ್ಟಸಿದ್ದಮ್ಮನವರು ಇಡೀ ಟೆಂಟಿಗೆ ಕೇಳುವಂತೆ ಕೇಳಿದರು, "ಎಲ್ಲವ್ವಾ ನಿನ್ ಬಾವಿ? ಬತ್ತೋಯ್ತಾ?"

ಟೆಂಟು ನಕ್ಕಿತು. ಅಲ್ಲಿಂದ ನಲವತ್ತಾರು ವರ್ಷ ಆ ಮನೆಯಲ್ಲಿ ವೀರಮ್ಮನವರು ಏನು ಹೇಳಿದರೂ ಅದಕ್ಕೊಂದು ಹೆಸರಿತ್ತು. ಹಸು ಹಾಲು ಕಮ್ಮಿ ಕೊಡ್ತು ಅಂದರೆ, "ಇದೂ ಬಾವಿ ಪಿಚ್ಚರ್ರೇನೋ." ತಲೆ ಸುತ್ತುತ್ತೆ ಅಂದರೆ ಅದೂ ಬಾವಿ ಪಿಚ್ಚರ್ರೇ. ಹೆರಿಗೆ ನೋವು ಶುರುವಾಯಿತು ಅಂದಾಗಲೂ ಮನೆಯವರು, "ಇನ್ನೂ ಎಂಟು ದಿನ ಅದೆ, ಬಾವಿ ಪಿಚ್ಚರ್ ತೋರುಸ್ಬ್ಯಾಡ" ಅಂದರು. ಹುಣಸೂರಿನ ಆಸ್ಪತ್ರೆಗೆ ಇನ್ನೂ ಅರ್ಧ ದಾರಿ ಇರುವಾಗ ಮಗ ಮಹೇಂದ್ರ ಗಾಡಿಯಲ್ಲೇ ಹುಟ್ಟಿದ. ಇದನ್ನು ವೀರಮ್ಮನವರು ವಿಮಲಮ್ಮನ ಹೋಟೆಲಿನಲ್ಲಿ ನಗುತ್ತಲೇ ಹೇಳಿದರು. ಎಲ್ಲರೂ ನಕ್ಕರು. ನಾನು ಕೈ ತೊಳೆಯಲು ಎದ್ದು ಹೋದೆ. ಅವತ್ತು ನಾನು ಏನೂ ತಿಂದಿರಲಿಲ್ಲ.

ಕಳೆದ ಯುಗಾದಿಗೆ ಅದೇ ಚಿತ್ರ ಟಿ.ವಿ.ಯಲ್ಲಿ ಬಂತು. ಮತ್ತೆ ಬಾವಿ ಇಲ್ಲ. ನಮ್ಮ ಬಳಗ ಎದ್ದು ನಿಂತಿತು. ಜಾಹೀರಾತಿಗಾಗಿ ಹಳ್ಳಿ ಹೆಣ್ಣುಮಗಳ ಕಲೆಯನ್ನು ಕತ್ತರಿಸಿದ್ದಾರೆ ಅಂತ ಚಾನೆಲ್ಲಿಗೆ ಪತ್ರ ಹೋಯಿತು. ಅರವತ್ತಮೂರು ಸಹಿ. ಮೊದಲನೆಯದು ನನ್ನದು. ಅಧ್ಯಕ್ಷರು ಇವತ್ತು "ಕಲೆಯ ಕಗ್ಗೊಲೆ" ಅಂತ ಒಂದು ಗಂಟೆ ಮಾತಾಡಿದರು. ಬೃಂದಾ ಮೇಡಂ, "ನಮಗೆ ಬಂದ ಪ್ರತಿಯಲ್ಲೇ ಆ ದೃಶ್ಯ ಇರಲಿಲ್ಲ, ಆದರೂ ಕ್ಷಮಿಸಿ" ಅಂತ ವೀರಮ್ಮನವರಿಗೆ ಕೈಮುಗಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.

ಸಭಿಕರೇ, ಆ ಸೀನು ಕತ್ತರಿಸಿದವರು ಯಾರು? ಚಾನೆಲ್ಲಿನವರೇ? ಸೆನ್ಸಾರಿನವರೇ? ಸಾಂಬಾರ್ ಪುಡಿಯವರೇ?

ನಾನು.

ಅಧ್ಯಕ್ಷರೇ, ಚೀಟಿ ಕಳಿಸಬೇಡಿ, ಎರಡೇ ಹಾಳೆ ಇರುವುದು. ನಾನು ಆ ಟೆಂಟಿನಲ್ಲಿ ಆಪರೇಟರ್ ಆಗಿದ್ದೆ ಅಂತ ನಿಮ್ಮಲ್ಲಿ ಹಳಬರಿಗೆ ಗೊತ್ತು. ನಮಗೆ ಬರುತ್ತಿದ್ದದ್ದು ಊರೂರು ಸುತ್ತಿ ಸವೆದ ರೀಲು. ಆ ಬಾವಿ ಸೀನಿನ ಹತ್ತಿರ ದಿನಾ ಪಟ್ ಅಂತ ಕಡಿದುಹೋಗುತ್ತಿತ್ತು. ಕಡಿದ ತುದಿ ಕೆರೆದು, ಅಂಟು ಹಚ್ಚಿ, ಒತ್ತಿ ಹಿಡಿದು ಸೇರಿಸಬೇಕು. ಅಷ್ಟರಲ್ಲಿ ಟೆಂಟಿನೊಳಗೆ ಶಿಳ್ಳೆ. "ಲೇ ಆಪರೇಟ್ರೂ, ಅದೇನ್ ಅವರೆ ಬಳ್ಳಿಯೇನ್ಲಾ ಕಿತ್ ಕಿತ್ ಬರಕೆ?" ಒಂದು ದಿನ ಕ್ಯಾಬಿನ್ನಿನ ತಗಡಿಗೆ ಕಲ್ಲು ಬಿತ್ತು. ನನಗೆ ಇಪ್ಪತ್ಮೂರು ವರ್ಷ. ಹೆದರಿಕೆ ಹೆಚ್ಚು. ಚಿತ್ರ ಶುರುವಾದರೆ ನಾನು ಕತೆ ನೋಡುತ್ತಿರಲಿಲ್ಲ, ಬಾವಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಬೆವರುತ್ತಿದ್ದೆ. ಹನ್ನೊಂದನೇ ದಿನ ಬೆಳಿಗ್ಗೆ ಕತ್ತರಿ ತೆಗೆದುಕೊಂಡೆ. ಬಾವಿಯೇ ಇಲ್ಲದಿದ್ದರೆ ಕಡಿಯುವುದು ಹೇಗೆ? ಒಂದೂವರೆ ನಿಮಿಷದ ತುಂಡು. ಆಚೆ ಈಚೆ ಸೇರಿಸಿ ಅಂಟಿಸಿದೆ. ಬಹಳ ಚೆನ್ನಾಗಿ ಕೂತಿತು.

ಅವತ್ತೇ ಸಂಜೆ ಮೊದಲನೇ ಆಟಕ್ಕೆ ಎರಡು ಗಾಡಿ ಬಂದವು.

ಕ್ಯಾಬಿನ್ನಿನ ಕಿಂಡಿಯಿಂದ ಪುಟ್ಟಸಿದ್ದಮ್ಮನವರ ಮಾತು ಕೇಳಿದೆ. ಆ ಹೆಣ್ಣುಮಗಳು ಪರದೆಯನ್ನೇ ನೋಡುತ್ತಾ ಎದ್ದು ನಿಂತದ್ದನ್ನೂ ನೋಡಿದೆ. ಇಳಿದುಹೋಗಿ "ಸೀನು ಇದೆ ಕಣವ್ವ, ಮೇಲೆ ನನ್ನ ಹತ್ತಿರ ಇದೆ" ಅನ್ನಲು ನಾಲ್ಕೇ ಮೆಟ್ಟಿಲು. ಟೆಂಟಿನ ಮಾಲೀಕರು ಕೆಳಗೆ ನಿಂತಿದ್ದರು. ರೀಲಿಗೆ ಕತ್ತರಿ ಹಾಕಿದ್ದು ಗೊತ್ತಾದರೆ ಕೆಲಸ ಹೋಗುತ್ತಿತ್ತು. ನಾನು ಇಳಿಯಲಿಲ್ಲ. ಆಮೇಲೆ ಕೆಲಸ ಹೇಗೂ ಹೋಯಿತು, ಟೆಂಟೂ ಹೋಯಿತು. ಆಗಲಾದರೂ ಹೇಳಬಹುದಿತ್ತು. ವೀರಮ್ಮನವರ ಮನೆಗೆ ನಾಲ್ಕು ಸಲ ಹೋದೆ. ನಾಲ್ಕು ಸಲವೂ ಕಾಫಿ ಕೊಟ್ಟರು. ಕುಡಿದು ಬಂದೆ.

ಯುಗಾದಿ ದಿನ ಟಿ.ವಿ.ಯಲ್ಲಿ ನೋಡಿದ್ದು ನಾನು ಕತ್ತರಿ ಹಾಕಿದ್ದ ಪ್ರತಿಯನ್ನೇ, ಅದೇ ಹೇಗೋ ಚಾನೆಲ್ಲಿನವರ ಕೈ ಸೇರಿತ್ತು. ರೀಲು ಬದಲಾಗುವ ಕಡೆ ಮೂಲೆಯಲ್ಲಿ ಮೊಳೆಯಿಂದ ಮೂರು ಗೀರು ಹಾಕುವುದು ನನ್ನ ಅಭ್ಯಾಸ. ಆ ಮೂರು ಗೀರು ಪರದೆಯ ಮೇಲೆ ಬಂದಾಗ ಅಧ್ಯಕ್ಷರು "ನೋಡ್ರಯ್ಯ, ಚಾನೆಲ್‌ನೋರು ಪಿಚ್ಚರ್ನೂ ಪರಚವ್ರೆ!" ಅಂದರು. ಹೌದು ಹೌದು ಅಂದೆ. ಆಮೇಲೆ ಪತ್ರಕ್ಕೆ ಸಹಿ ಹಾಕಿದೆ.

ಬೃಂದಾ ಮೇಡಂ, ಬಾವಿಗಾಗಿ ಕೇಳಿದ ಕ್ಷಮೆಯನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ, ಅದು ನಿಮ್ಮ ಲೆಕ್ಕದ್ದಲ್ಲ. ಸಾಂಬಾರ್ ಪುಡಿಗೆ ಬೇರೆ ಕೇಳಬೇಕಾಗುತ್ತದೆ, ಅದನ್ನು ಬಳಗ ಆಮೇಲೆ ತೀರ್ಮಾನಿಸುತ್ತದೆ.

ಕತ್ತರಿಸಿದ ತುಂಡನ್ನು ನಾನು ಬಿಸಾಡಲಿಲ್ಲ. ಯಾರಾದರೂ ಕೇಳಿದರೆ ಏನು ಮಾಡುವುದು ಅಂತ ಡಬ್ಬಿಯಲ್ಲಿಟ್ಟೆ. ನಲವತ್ತಾರು ವರ್ಷ ಯಾರೂ ಕೇಳಲಿಲ್ಲ. ಹೋದ ವಾರ ಅನುಶ್ರೀ ಅದನ್ನು ಬೆಳಕಿಗೆ ಹಿಡಿದು, ಮೊಬೈಲಿನಲ್ಲಿ ಫೋಟೋ ತೆಗೆದು, ಹುಣಸೂರಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದಳು. ಯಾರ ಫೋಟೋ ತಾತ ಅಂತ ಕೇಳಿದಳು. ಸಭೆಯಲ್ಲಿ ಹೇಳುತ್ತೇನೆ ಅಂದೆ. ಅಧ್ಯಕ್ಷರೇ, ಶಾಲು ಪಕ್ಕಕ್ಕಿಡಿ. ವೀರಮ್ಮನವರೇ, ಮೊದಲು ಇದನ್ನು ತೆಗೆದುಕೊಳ್ಳಿ. ಏಳು ಹುಡುಗಿಯರಲ್ಲಿ ಆರು ಜನ ನಾಯಕಿಯನ್ನು ನೋಡುತ್ತಿದ್ದಾರೆ. ನೀವೊಬ್ಬರೇ ನೇರವಾಗಿ ನಮ್ಮನ್ನು ನೋಡುತ್ತಿದ್ದೀರಿ. ನಾನು ತಪ್ಪು ಮಾಡಿದೆ. ಹೇಳಬೇಕಾದವನು ಹೇಳಲಿಲ್ಲ.

ಕೂತುಕೊಳ್ಳಿ, ಯಾರೂ ಏಳಬೇಡಿ. ವೀರಮ್ಮನವರು ಕೆಳಗಿಳಿಯುತ್ತಿದ್ದಾರೆ. ಫೋಟೋವನ್ನು ಅತ್ತೆಯವರ ಮಡಿಲಿಗೆ ಇಟ್ಟರು. ಪುಟ್ಟಸಿದ್ದಮ್ಮನವರಿಗೆ ಎಂಬತ್ತೆಂಟು, ಆದರೆ ಕಣ್ಣಿನ ಪೊರೆ ತೆಗೆಸಿದ್ದಾರೆ, ಕಾಣುತ್ತದೆ. ಬೆರಳಿಟ್ಟು ಒಬ್ಬೊಬ್ಬರನ್ನೇ ನೋಡುತ್ತಿದ್ದಾರೆ. ನಿಂತಿತು ಬೆರಳು.

ಏನಂದಿರಿ ತಾಯಿ?

ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ, ನಾನು ಹೇಳುತ್ತೇನೆ. ಪುಟ್ಟಸಿದ್ದಮ್ಮನವರು ಅಂದದ್ದು ಇಷ್ಟು: "ಕೊಡ ವಾಲಿಸ್ಕಂಡು ಎತ್ಲಾಗ್ ನೋಡ್ತಾ ನಿಂತಿದ್ದೀಯೆ? ನೀರೆಲ್ಲ ಚೆಲ್ಲೋಯ್ತಾ ಅದೆ ನೋಡು."

ವೀರಮ್ಮನವರು ನಗುತ್ತಿದ್ದಾರೆ. ಸೆರಗು ಕಣ್ಣಿಗೆ ಹೋಗಿದೆ, ಆದರೂ ನಗುತ್ತಿದ್ದಾರೆ.

ಸಭಾಂಗಣ ಕೊಟ್ಟವರಿಗೆ, ಮೈಕಿನವರಿಗೆ, ಕರೆಂಟು ತೆಗೆಯದೆ ಉಪಕಾರ ಮಾಡಿದವರಿಗೆ, ಇಷ್ಟು ಹೊತ್ತು ಕೂತ ನಿಮಗೆ ಬಳಗದ ಪರವಾಗಿ ವಂದನೆಗಳು. ನನ್ನನ್ನು ಬೈಯಬೇಕು ಅನ್ನುವವರು ವೇದಿಕೆಯ ಎಡಗಡೆ ಸಾಲಾಗಿ ನಿಲ್ಲಿ. ಮೊದಲ ಜಾಗ ವೀರಮ್ಮನವರದು, ಅವರನ್ನು ಯಾರೂ ದಾಟಿ ಬರಬೇಡಿ. ನಮಸ್ಕಾರ.