ಕರ್ಬಲಾ ದಾರಿಯ ಪೊಟ್ಟಣಗಳು

...ಆ ಚೀಲ ಇಲ್ಲಿ ಕೊಡೇ ಸುಂದುಸ್. ಕೊಡು ಅಂದೆ! ಅವನ ಬೆವರು ಮೆತ್ತಿರೋ ಚೀಲ, ನಾನು ಒಗ್ದಿಡ್ತೀನಿ. ಅದನ್ನ ಎದೆಗೆ ಅವಚ್ಕೊಂಡು ಕೂತ್ರೆ ನಿಬ್ರಾಸ್ ಎದ್ದು ಬರ್ತಾನಾ? ಗಂಡನ್ನ ಮಣ್ಣಿಗಿಟ್ಟು ಮೂರು ದಿನ ಆಯ್ತು, ನಿನ್ನ ಬಾಯಿಂದ ಒಂದು ಮಾತಿಲ್ಲ. ನಾನು ಹೆತ್ತೋಳು ಕಣೇ, ಅತ್ತೂ ಅತ್ತೂ ನನ್ನ ಗಂಟಲು ಬಿದ್ದೋಗಿದೆ.

ಹಾಗೆ ನೋಡ್ಬೇಡ. ನಿನ್ನ ಮೇಲೆ ನಾನೇನೂ ಹೇಳಿಲ್ಲ. ಹೇಳಿದ್ದು ನಿಮ್ಮ ಭಾವ, ನನ್ನ ಹಿರೀಮಗ ಸಲ್ಮಾನ್. 'ಡಾಕ್ಟರ ಮಾತು ಮೀರಿ ಇವಳೇ ಏನೋ ಕಟ್ಟಿಕೊಟ್ಟಿದಾಳೆ' ಅಂತ ಗಂಡಸರ ಎದುರಿಗೇ ಅಂದ. ಇವತ್ತು ಫಾತಿಹಾ ಪ್ರಾರ್ಥನೆ ಮುಗೀಲಿ, ತವರಿಗೆ ಕಳಿಸ್ತೀನಿ, ಮಕ್ಕಳು ಇಲ್ಲೇ ಇರ್ತಾರೆ ಅಂದ. ನಾನು ಸುಮ್ನಿದ್ದೆ. ಇನ್ನೇನ್ ಮಾಡ್ಲಿ? ಇಂಥ ಹೊತ್ತಲ್ಲಿ ನಾಲಿಗೆ ಏಳತ್ತಾ?

ತಪ್ಪೆಲ್ಲ ಆ ಸಂಶೋಧನೆಯೋರ್ದು! ಸಕ್ಕರೆ ಕಾಯಿಲೇನ ಮಾತ್ರೆ ಇಲ್ದೆ ವಾಸಿ ಮಾಡ್ತೀವಿ ಅಂದ್ರು. ಇಡೀ ಬಸ್ರಾದಲ್ಲಿ ಅರವತ್ತು ಜನರನ್ನ ಆರಿಸ್ಕೊಂಡ್ರು. ಮೂರು ತಿಂಗಳು ಅನ್ನ ಇಲ್ಲ, ರೊಟ್ಟಿ ಇಲ್ಲ, ಹೊತ್ತಿಗೊಂದು ಪೊಟ್ಟಣ ಪುಡಿ ನೀರಲ್ಲಿ ಕಲ್ಸಿ ಕುಡಿ, ದಿನಾ ನಡಿ. ಮೊದಲ್ನೇ ದಿನಾನೇ ಮಾತ್ರೆ ನಿಲ್ಲಿಸಿಬಿಟ್ರು. ಬಂದರಲ್ಲಿ ಕ್ರೇನ್ ಹತ್ತೋ ಗಂಡಸು, ಬಿಳಿ ನೀರು ಕುಡ್ಕೊಂಡು ಬದುಕ್ತಾನಾ?

ಹೂಂ, ಗೊತ್ತು, ಗೊತ್ತು! ಸಕ್ಕರೆ ಇಳೀತು. ನೀನೇ ಅವನ ಬೆರಳು ಚುಚ್ಚಿ ನೋಡಿ ಕುಣಿದಾಡಿದ್ದೆ. ನೀವೆಲ್ಲ ಅಂಕಿ ನೋಡ್ತಿದ್ರಿ, ನಾನು ಅವನ ಕುತ್ತಿಗೆ ನೋಡ್ತಿದ್ದೆ. ಅಂಗಿ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಬೀದೀಲಿ ಹೆಂಗಸರು, ಕ್ಯಾನ್ಸರ್ ಅನ್ನೋಕೂ ಹೆದರಿ, 'ಸಲ್ಮಾನನ ತಾಯೀ, ಕಿರಿ ಮಗನಿಗೆ ಆ ಕೆಟ್ಟ ಕಾಯಿಲೆನಾ?' ಅಂತ ಮೆಲ್ಲಗೆ ಕೇಳೋರು. ಹೊಟ್ಟೆ ಉರಿಯಲ್ವಾ?

ಅಂಥದ್ರಲ್ಲಿ ಕರ್ಬಲಾಗೆ, ಹುಸೇನರ ಗೋರಿಗೆ ನಡ್ಕೊಂಡು ಹೋಗ್ತೀನಿ ಅಂತ ಹೊರಟ. ಎರಡು ವಾರದ ದಾರಿ! ಆ ಬಿಸಿಲು! ಸಂಶೋಧನೆಯೋರು ತಡೀಬೇಕಿತ್ತಾ ಇಲ್ವಾ? 'ನಡಿಗೆ ಒಳ್ಳೇದೇ, ಪೊಟ್ಟಣ ಬಿಟ್ಟು ಬೇರೇನೂ ಮುಟ್ಬೇಡ' ಅಂದ್ರಂತೆ. ಬೆರಳು ಚುಚ್ಚೋ ಯಂತ್ರಾನೂ ಮನೇಲೇ ಬಿಟ್ಟ, ಅಂಕಿ ಚೆನ್ನಾಗಿದೆಯಲ್ಲ ಅಂತ.

ಜೊತೇಲಿದ್ದ ಕುಮೈಲ್ ನಿನ್ನೆ ಬಂದು ಗೋಳೋ ಅಂತ ಅತ್ತ. ದಾರಿಯುದ್ದಕ್ಕೂ ಜನ ತಟ್ಟೆ ಹಿಡ್ಕೊಂಡು ನಿಂತಿದ್ರಂತೆ. ಕುರಿ ಮಾಂಸದ ಅನ್ನ, ಖರ್ಜೂರ, ಚಹಾ... 'ಹುಸೇನರ ಯಾತ್ರಿ ನಮ್ಮನೆ ಅನ್ನ ಬೇಡ ಅಂದ್ರೆ ಹೇಗಪ್ಪಾ' ಅಂತ ಒಬ್ಬ ಮುದುಕ ಕಾಲು ಹಿಡ್ಕೊಂಡನಂತೆ. ಇವನು ಆ ಮುದುಕನ ಹಣೆಗೆ ಮುತ್ತಿಟ್ಟು, 'ಕ್ಷಮಿಸಿ ಅಜ್ಜಾ, ಮಾತು ಕೊಟ್ಟಿದೀನಿ' ಅಂದನಂತೆ. ಒಂದೇ ಒಂದು ಖರ್ಜೂರ ಮುಟ್ಟಲಿಲ್ಲವಂತೆ ನನ್ನ ಮಗ!

ಅದಕ್ಕೇ ಸಲ್ಮಾನ್ ಹೇಳೋದು, ಸಕ್ಕರೆ ಏರಿ ಸತ್ತ ಅಂತ ಡಾಕ್ಟರು ಬರ್ದಿದಾರೆ, ದಾರೀಲಿ ತಿಂದಿಲ್ಲ ಅಂದ್ಮೇಲೆ ಮನೆಯಿಂದಲೇ ಏನೋ...

ಯಾಕೆ ಚೀಲ ಬಿಚ್ತಿದೀಯ? ಉಳಿದ ಪೊಟ್ಟಣ ಸಂಶೋಧನೆಯೋರು ಬಂದು ತಗೊಂಡು ಹೋಗ್ತಾರೆ, ಅದನ್ನ ಹರೀಬಾರ್ದು. ಹರೀಬೇಡ ಅಂದ್ನಲ್ಲ! ನಾಲಿಗೆಗೆ ಯಾಕೆ ಇಟ್ಕೋತೀಯ? ಅವರ ಪುಡೀನೂ ಸಿಹೀನೇ ಇತ್ತು ಕಣೇ. ಸಿಹೀನೇ...

ಏನಾದ್ರೂ ಅನ್ನೇ ಸುಂದುಸ್.

ಹಾಲಿನ ಪುಡಿ ಕಣೇ. ಸಕ್ಕರೆ. ಖರ್ಜೂರ ಒಣಗಿಸಿ ಕುಟ್ಟಿದ್ದು, ಘಮ ಬರ್ಲಿ ಅಂತ ಒಂದಿಷ್ಟು ವೆನಿಲಾ. ನೀನು ತವರಿಗೆ ಹೋಗಿದ್ದ ದಿನ ಬ್ಲೇಡಲ್ಲಿ ಒಂದೊಂದೇ ಪೊಟ್ಟಣ ಕುಯ್ದು, ಒಳಗಿನದನ್ನ ಚರಂಡಿಗೆ ಸುರಿದು, ನಂದು ತುಂಬಿದೆ. ಇಸ್ತ್ರಿಪೆಟ್ಟಿ ಕಾಯಿಸಿ ಬಾಯಿ ಅಂಟಿಸ್ದೆ. ಎಲ್ಲ ಪೊಟ್ಟಣನೂ. ಎರಡು ವಾರದ್ದೂ. ಅಷ್ಟು ದೂರ ನಡೆಯೋ ಮಗ, ಸ್ವಲ್ಪ ಶಕ್ತಿ ಇರ್ಲಿ ಅಂತ... ನನಗೇನು ಗೊತ್ತೇ? ಆ ಪುಡಿ ನಂಬಿಯೇ ಮಾತ್ರೆ ನಿಲ್ಲಿಸಿದಾರೆ ಅಂತ ನನಗೆ ಯಾರು ಹೇಳಿದ್ರು?

ನೀನು ಹೇಳಿದ್ದೆ. ಹೌದು. ಎರಡು ಸಲ ಹೇಳಿದ್ದೆ.

ಬೈಯೇ! ಆ ಪೊಟ್ಟಣ ನನ್ನ ಮುಖಕ್ಕೆ ಎಸಿ! ಅಂಗಳದಲ್ಲಿ ಸಾವಿಗೆ ಬಂದೋರಿಗೆ ಕಹಿ ಕಾಫಿ ಹಂಚ್ತಿದಾರೆ, ಸಲ್ಮಾನ್ ಅಲ್ಲೇ ಇದಾನೆ. ಹೋಗಿ ಕೂಗಿ ಹೇಳು. ನಿನ್ನ ಮಕ್ಕಳು ನಿನಗೆ ಬೇಡ್ವಾ? ಯಾಕೆ ಹೀಗೆ ಸುಮ್ನೆ ನನ್ನೇ ನೋಡ್ತಾ ಕೂತಿದೀಯ? ಇನ್ನೇನಿದೆ ನನ್ನ ಹತ್ರ?

...ದಾರಿಯಿಂದ ಅವನು ಮಾಡಿದ ಫೋನ್. ಅದನ್ನ ಕೇಳ್ತಿದೀಯಾ? ಕುಮೈಲ್ ಹೇಳಿದ್ನಾ?

ದಾರೀಲಿ ಕುಸಿದು ಬಿದ್ದ ದಿನಾನೇ ಮಧ್ಯಾಹ್ನ ಮಾಡಿದ್ದ. ನೀನು ಸ್ನಾನಕ್ಕೆ ಹೋಗಿದ್ದೆ, ನಾನು ಎತ್ಕೊಂಡೆ. 'ಅಮ್ಮಾ, ವಿಪರೀತ ಬಾಯಾರಿಕೆ, ಎಷ್ಟು ನೀರು ಕುಡಿದ್ರೂ ತೀರಲ್ಲ, ಕಣ್ಣು ಮಂಜಾಗ್ತಿದೆ, ಸುಂದುಸ್‌ಗೆ ಕೊಡು, ಏನ್ ಮಾಡ್ಲಿ ಕೇಳ್ಬೇಕು' ಅಂದ. ನಿನಗೆ ಕೊಡಲಿಲ್ಲ. ಅವಳು ಆಸ್ಪತ್ರೆ ಅಂತಾಳೆ, ನಡಿಗೆ ನಿಲ್ಲಿಸ್ತಾಳೆ ಅಂತ ಕೊಡಲಿಲ್ಲ. ನಿಶ್ಶಕ್ತಿ ಕಣೋ, ಇನ್ನೆರಡು ಪೊಟ್ಟಣ ಕಲಸ್ಕೊಂಡು ಕುಡಿ ಅಂದೆ.

'ಆಯ್ತಮ್ಮ' ಅಂದ. ಫೋನ್ ಇಡದೆ, ನನಗೆ ಕೇಳೋ ಹಾಗೇ ಕುಡಿದ.