ಕವನಾಳಿಗೆ ದೃಷ್ಟಿ ತೆಗೆದದ್ದು

ಅಧ್ಯಕ್ಷರಾದ ವೆಂಕಟಗಿರಿಯವರೇ, ಇಂದು ಸನ್ಮಾನ ಸ್ವೀಕರಿಸಿದ ಡಾಕ್ಟರ್ ರಾಗಿಣಿಯವರೇ, ಒಳಗಿನಿಂದ ಊಟದ ವಾಸನೆ ಬಂದರೂ ಎದ್ದುಹೋಗದೆ ಕುಳಿತಿರುವ ನಮ್ಮ ಉಲ್ಲಾಳದ ಸಭಿಕರೇ,

ಡಾಕ್ಟರ ಬಗ್ಗೆ ಎರಡು ಮಾತಾಡು ಎಂದು ಸಂಘದವರು ನನಗೆ ಹೇಳಿದ್ದಾರೆ. ಹಾರ್ಡ್‌ವೇರ್ ಅಂಗಡಿ ಚನ್ನಕೇಶವ ಎರಡೇ ಮಾತಿಗೆ ನಿಲ್ಲಿಸಿದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ? ಇವತ್ತೂ ಕಾಣುವುದಿಲ್ಲ.

ನನ್ನ ಮಗಳು ಕವನಾ ನಿಮಗೆಲ್ಲ ಗೊತ್ತು. ಎರಡು ವರ್ಷದ ಹಿಂದೆ ಯೂನಿವರ್ಸಿಟಿ ರಸ್ತೆಯಲ್ಲಿ ನಾಯಿ ಅಡ್ಡ ಬಂದು, ಬೈಕಿನಿಂದ ಮುಖ ಅಡಿಯಾಗಿ ಬಿದ್ದಳು. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಆದರೆ ಅದು ಟೋಪಿಯಂಥ ಹೆಲ್ಮೆಟ್ಟು, ಮುಖಕ್ಕೆ ಏನೂ ಇರಲಿಲ್ಲ. ದವಡೆ ಮುರಿಯಿತು, ಎಡಗೆನ್ನೆಯ ಮೂಳೆ ಒಳಕ್ಕೆ ಹೋಯಿತು. ದಯವಿಟ್ಟು ನಿಮ್ಮ ಮಕ್ಕಳಿಗೆ ಗಲ್ಲ ಮುಚ್ಚುವ ಹೆಲ್ಮೆಟ್ ಕೊಡಿಸಿ. ನನ್ನ ಭಾಷಣದಲ್ಲಿ ಉಪಯೋಗಕ್ಕೆ ಬರುವ ಭಾಗ ಇಷ್ಟೇ.

ಡಾಕ್ಟರು ಪ್ಲೇಟು, ಸ್ಕ್ರೂ ಹಾಕಿ ಆ ಮುಖವನ್ನು ಮತ್ತೆ ಕಟ್ಟಿದರು. ಜೀವಮಾನವಿಡೀ ಸ್ಕ್ರೂ ಮಾರಿದವನು ನಾನು. ಎಕ್ಸ್-ರೇ ನೋಡಿ, "ಮೇಡಂ, ಇಷ್ಟು ಸಣ್ಣ ಸೈಜು ನಮ್ಮಲ್ಲಿ ಬರಲ್ಲ" ಅಂದುಬಿಟ್ಟೆ. ಏನು ಹೇಳಬೇಕೆಂದು ತಿಳಿಯದಿದ್ದಾಗ ನನ್ನ ಬಾಯಲ್ಲಿ ವ್ಯಾಪಾರವೇ ಬರುತ್ತದೆ.

ಮುಖ ಚೆನ್ನಾಗಿ ಕೂಡಿಕೊಂಡಿದೆ. ಊಟ ಮಾಡುತ್ತಾಳೆ, ಮಾತಾಡುತ್ತಾಳೆ. ಆದರೆ ಸಭಿಕರೇ, ನನಗೆ ಆ ಹಳೆಯ ಮುಖ ಬೇಕು. ಡಾಕ್ಟರ ಎದುರಿಗೆ ಇದನ್ನು ಹೇಳಬಾರದು. ಕವನಾ ಇವತ್ತು ಬಂದಿಲ್ಲ, ಅದಕ್ಕೇ ಇಷ್ಟು ಧೈರ್ಯ. ಮಗಳು ಎದುರಿಗೇ ಕುಳಿತು ಕಾಫಿ ಕುಡಿಯುತ್ತಿರುತ್ತಾಳೆ, ನಾನು ಅವಳಿಗಾಗಿಯೇ ಹಂಬಲಿಸುತ್ತಿರುತ್ತೇನೆ. ಇದೆಂಥ ಪಾಡು ಹೇಳಿ?

ನಮ್ಮ ತಾಯಿ ಮುನಿಲಕ್ಷ್ಮಮ್ಮ ಪ್ರತಿ ಅಮಾವಾಸ್ಯೆಗೂ ಮೊಮ್ಮಗಳಿಗೆ ದೃಷ್ಟಿ ತೆಗೆಯುತ್ತಿದ್ದರು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ನೀರೊಲೆಯ ಕೆಂಡಕ್ಕೆ ಹಾಕುವುದು. ಘಾಟು ಬಂದರೆ ದೃಷ್ಟಿ ಆಗಿಲ್ಲ, ಬಾರದಿದ್ದರೆ ಯಾರದ್ದೋ ಕಣ್ಣು ಬಿದ್ದಿದೆ ಎಂದು ಲೆಕ್ಕ. ಆಕ್ಸಿಡೆಂಟಾದ ಮೇಲೆ ಅದು ನಿಂತುಹೋಯಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ಯಾಕೆ ನಿಂತಿತು ಎಂದು ಯಾರೂ ಕೇಳಲಿಲ್ಲ. ಕವನಾ ಮನೆಯೊಳಗೂ ಮಾಸ್ಕ್ ಹಾಕಿಕೊಂಡೇ ಇರುತ್ತಿದ್ದಳು.

ಹೋದ ಅಮಾವಾಸ್ಯೆ ಅವಳೇ ಮಾಸ್ಕ್ ತೆಗೆದು, ಬಚ್ಚಲ ಬಾಗಿಲಲ್ಲಿ ಅಜ್ಜಿಯ ಮುಂದೆ ಬಂದು ಕುಳಿತಳು. "ಅಜ್ಜಿ, ನಂಗ್ಯಾಕೆ ದೃಷ್ಟಿ ತೆಗೀತಿಲ್ಲ ನೀನು? ಈ ಮುಖದ ಮೇಲೆ ಯಾರ ಕಣ್ಣೂ ಬೀಳಲ್ಲ ಅಂತಾನಾ?"

ನಮ್ಮಮ್ಮ ಎದ್ದು ಅಡುಗೆಮನೆಗೆ ಹೋದರು. ಹಿಡಿ ತುಂಬ ಮೆಣಸಿನಕಾಯಿ ತಂದು, ನಿವಾಳಿಸಿ, ಕೆಂಡಕ್ಕೆ ಸುರಿದರು. ಬ್ಯಾಡಗಿ ಅಲ್ಲ ಸ್ವಾಮಿ, ಗುಂಟೂರು. ಹೊಗೆ ಎದ್ದಿತು. ಗಂಟಲು ಉರಿಯಿತು, ಕಣ್ಣಲ್ಲಿ ನೀರಿಳಿಯಿತು. ನಾನು ಬಾಯಿ ಬಿಗಿಹಿಡಿದೆ. ನನ್ನ ಹೆಂಡತಿ ಸೆರಗು ಕಚ್ಚಿಕೊಂಡಳು. ಎಂಬತ್ತು ದಾಟಿದ ನಮ್ಮಮ್ಮ ಉಸಿರು ಕಟ್ಟಿಕೊಂಡು, "ನೋಡ್ದಾ, ಘಾಟೇ ಇಲ್ಲ ಕಣೇ. ಊರೋರ ಕಣ್ಣೆಲ್ಲಾ ನಿನ್ ಮೇಲೇ ಐತೆ" ಅಂದರು. ನಾವಿಬ್ಬರೂ ಹೌದೆಂದು ತಲೆಯಾಡಿಸಿದೆವು. ಯಾರೂ ಕೆಮ್ಮಲಿಲ್ಲ.

ಕವನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ಹೊಗೆಯಲ್ಲಿ ಅವಳೂ ಇದ್ದಳಲ್ಲ.

"ಕೆಮ್ಮಿಬಿಡು ಅಪ್ಪ, ಪರ್ವಾಗಿಲ್ಲ" ಅಂದಳು.

ನಾನು ಕೆಮ್ಮಿದೆ. ಕೆಮ್ಮು ನಿಂತ ಮೇಲೂ ಅಳು ನಿಲ್ಲಲಿಲ್ಲ. ಅವಳು ಬೆನ್ನು ನೀವುತ್ತಾ ಕುಳಿತಿದ್ದಳು.

ಡಾಕ್ಟರೇ, ನೀವು ಕಟ್ಟಿಕೊಟ್ಟ ಮುಖ ನನ್ನನ್ನು ಅಪ್ಪ ಎಂದು ಕರೆಯುತ್ತದೆ. ನಿಮಗೆ ನನ್ನ ಮನೆಯವರೆಲ್ಲರ ಕೃತಜ್ಞತೆಗಳು. ಹಳೆಯದನ್ನು ನಾನಿನ್ನೂ ಹುಡುಕುತ್ತೇನೆ, ಅದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಉಪಕಾರವಾಯಿತು, ನಮಸ್ಕಾರ.