ಅಕ್ಕನಿಗೆ ಹೇಳಿದ ವಾಸನೆ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಅತಿಥಿಗಳೇ, ಬೇಕರಿ ಕೆಲಸಗಾರರ ಸಂಘದ ಪದಾಧಿಕಾರಿಗಳೇ, ಬೆಳಗಿನ ಜಾವ ಎದ್ದು ಹಿಟ್ಟು ನಾದಿ, ಈಗ ಆಕಳಿಕೆ ತಡೆದುಕೊಂಡು ಕುಳಿತಿರುವ ನನ್ನ ಪ್ರೀತಿಯ ಸಭಿಕರೇ,

ಇಂದು ನಮ್ಮ ಅಕ್ಕನಿಗೆ ಸನ್ಮಾನ. ತಮ್ಮನಾದ ನಾನು ಅಭಿನಂದನೆಯ ಮಾತಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡರು. ವಿಷಯವನ್ನೂ ಅವರೇ ಕೊಟ್ಟರು. ಕಷ್ಟ, ನಷ್ಟಗಳು ಮನುಷ್ಯನಿಗೆ ಬದುಕಿನ ಬೆಲೆಯನ್ನು ಕಲಿಸುತ್ತವೆಯೇ? ಕಲಿಸುತ್ತವೆ ಎಂದು ನಾನು ಬರೆದುಕೊಂಡು ಬಂದಿದ್ದೆ. ಇಲ್ಲಿ ಬಂದು ನಿಂತ ಮೇಲೆ ಗೊಂದಲವಾಗಿದೆ.

ಕಾರಣ ನಿಮ್ಮ ಕಣ್ಣೆದುರೇ ಇದೆ. ಸನ್ಮಾನಿತರ ಕುರ್ಚಿ ಖಾಲಿ. ಅಕ್ಕ ಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಪುಟ್ಟ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಾಳೆ. ದಾರಿಯಲ್ಲೇ ನನಗೆ ಎಚ್ಚರಿಕೆ ಕೊಟ್ಟಿದ್ದಳು. "ನೋಡೋ, ಆ ಜ್ವರ ಬಂದಿದ್ದೇ ಒಳ್ಳೇದಾಯ್ತು ಅಂತ ಯಾರಾದ್ರೂ ಅಂದ್ರೆ ನಾನು ಸ್ಟೇಜ್ ಹತ್ತಲ್ಲ." ಅಧ್ಯಕ್ಷರು ಸ್ವಾಗತ ಮಾಡುತ್ತಾ ಎರಡನೆಯ ವಾಕ್ಯದಲ್ಲೇ ಅದನ್ನು ಅಂದುಬಿಟ್ಟರು. ಅಧ್ಯಕ್ಷರೇ, ಬೇಸರ ಬೇಡ, ನಿಮಗೆ ಗೊತ್ತಿರಲಿಲ್ಲ. ಆದರೆ ಅವಳನ್ನು ಇಲ್ಲಿಗೆ ಕರೆತರುವ ಹೊಣೆ ಈಗ ನನ್ನ ತಲೆಯ ಮೇಲೆ ಬಿದ್ದಿದೆ.

ಯಾವ ಜ್ವರ? ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ ಅಕ್ಕ ಜ್ವರ ಹಿಡಿದು ಮಲಗಿದಳು. ಎದ್ದಾಗ ಅವಳಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಬೇಕರಿಯವಳಿಗೆ ಮೂಗೇ ಕೈಕೊಟ್ಟರೆ ಉಳಿದದ್ದೇನು, ನೀವೇ ಹೇಳಿ? ಅದೇ ಜ್ವರ ನಮ್ಮ ಭಾವನಿಗೂ ಬಂದಿತ್ತು. ಅವರ ಮೂಗೂ ಹೋಯಿತು, ವಾರದೊಳಗೆ ವಾಪಸ್ಸೂ ಬಂತು. ಅದರಿಂದ ಏನು ಕಲಿತಿರಿ ಭಾವ ಎಂದರೆ, "ಸಾಕ್ಸು ದಿನಾ ಒಗೀಬೇಕು ಅಂತ ಕಲ್ತೆ ಕಣಪ್ಪ" ಎನ್ನುತ್ತಾರೆ.

ಇರಲಿ. ನನ್ನ ಕಾಗದದಲ್ಲಿ ಹೀಗಿದೆ: 'ಮೂಗನ್ನು ಕಳೆದುಕೊಂಡ ಅಕ್ಕ ಕಿವಿಯನ್ನು ಕಂಡುಕೊಂಡಳು.' ನಿಮಗೆಲ್ಲ ಗೊತ್ತಿರುವುದೇ. ಓವನ್ನಿನಿಂದ ತೆಗೆದ ಬ್ರೆಡ್ಡನ್ನು ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿಯೇ ಬೆಂದಿದೆಯೋ ಇಲ್ಲವೋ ಹೇಳುತ್ತಾಳೆ. ನಷ್ಟ ಅವಳಿಗೆ ಈ ವಿದ್ಯೆ ಕೊಟ್ಟಿತು ಎಂದು ಬರೆದಿದ್ದೇನೆ. ಆದರೆ ಇದನ್ನು ಓದುತ್ತಿರುವಾಗಲೇ ನಮ್ಮ ಅಮ್ಮನ ದನಿ ನೆನಪಾಗುತ್ತಿದೆ. "ಒಳಗೆ ಯಾರಾದ್ರೂ ಇದಾರೇನೇ, ಬಾಗ್ಲು ತಟ್ಟಿದ ಹಾಗೆ ತಟ್ತೀಯಲ್ಲ?" ಆಗಲೇ ಬ್ರೆಡ್ಡು ತಟ್ಟುತ್ತಿದ್ದ ಅಕ್ಕ ಎರಡು ಜಡೆಯ ಹುಡುಗಿ. ಜ್ವರಕ್ಕೂ ಮೊದಲಿನ ಮಾತು. ಹಾಗಾದರೆ ನಷ್ಟ ಏನು ಕೊಟ್ಟಿತು? ಈ ಸಾಲನ್ನು ಹೊಡೆದುಹಾಕುತ್ತಿದ್ದೇನೆ, ಕ್ಷಮಿಸಿ.

ಇನ್ನೊಂದು ಸಂಗತಿ ನೋಡಿ. ಒಮ್ಮೆ ನಾನು ಊರಲ್ಲಿಲ್ಲದಾಗ ಬೆಣ್ಣೆ ಕಮಟು ಹಿಡಿದಿತ್ತು. ಅಕ್ಕನಿಗೆ ತಿಳಿಯಲಿಲ್ಲ. ಇಡೀ ಬೀದಿ ಆ ಬನ್ನು ತಿಂದಿತು, ಒಬ್ಬರೂ ತುಟಿ ಬಿಚ್ಚಲಿಲ್ಲ. ಪಾಪ, ಯಾಕೆ ನೋಯಿಸುವುದು ಎಂದು. ಎದುರಿನ ದರ್ಜಿಯವರಂತೂ ಬಲು ರುಚಿ ಎಂದು ಹೊಗಳಿ ಇನ್ನೂ ನಾಲ್ಕು ಕಟ್ಟಿಸಿಕೊಂಡು ಹೋದರು. ಮಾರನೆಯ ದಿನ ನಾನು ಬಂದು, ಉಳಿದದ್ದನ್ನು ಮೂಸಿ ನಿಜ ಹೇಳಿದೆ. ಅಕ್ಕ ಟ್ರೇ ಸಮೇತ ಬೀದಿಗಿಳಿದಳು. "ನನ್ನ ಮೂಗು ಹೋಗಿದೆ, ನಿಮ್ಮ ನಾಲಿಗೆಗೇನಾಗಿದೆ? ಕೆಟ್ಟಿದ್ರೆ ಕೆಟ್ಟಿದೆ ಅನ್ನಿ!" ದರ್ಜಿಯವರು ಮಷಿನ್ನಿನ ಹಿಂದೆ ಕುಳಿತವರು ಸಂಜೆಯವರೆಗೆ ತಲೆ ಎತ್ತಲಿಲ್ಲ.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟಳೆ. ದಿನದ ಮೊದಲ ಬ್ರೆಡ್ಡು ನನ್ನ ಮೂಗಿನ ಮುಂದೆ ಬರಬೇಕು. ಮಾರಬಹುದು ಅಥವಾ ಮಾರಬಾರದು, ಇಷ್ಟೇ ನಾನು ಹೇಳಬೇಕಾದದ್ದು. ಚೆನ್ನಾಗಿದೆ ಎಂಬ ಮಾತು ನಮ್ಮ ಬೇಕರಿಯಲ್ಲಿ ನಿಷಿದ್ಧ.

ಬ್ರೆಡ್ಡಿಗೆ ಇಷ್ಟು ಸಾಕು. ಮಗುವಿಗೆ? ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ. ಜ್ವರ ಬಿಟ್ಟ ಮೇಲೆ ಒಂದು ಸಂಜೆ ಅಕ್ಕ ಮಗಳನ್ನು ಎತ್ತಿಕೊಂಡು ಕೌಂಟರಿಗೆ ಬಂದಳು. ಮಗುವಿನ ನೆತ್ತಿಯನ್ನು ನನ್ನ ಮೂಗಿಗೆ ಹಿಡಿದು, "ಹೇಗಿದೆ ಹೇಳೋ" ಅಂದಳು. ನಾನೋ ಮದುವೆಯಾಗದವನು, ಮಕ್ಕಳನ್ನು ಎತ್ತಿಕೊಂಡೇ ಗೊತ್ತಿಲ್ಲ. "ಹಾಲಿನ ಥರ ಇದೆ ಅಕ್ಕ" ಎಂದೆ. "ಹಾಲು ಹೇಗಿತ್ತು ಅಂತಾನೇ ಮರ್ತು ಹೋಗಿದೆ ಕಣೋ. ನಂಗೆ ಗೊತ್ತಿರೋದ್ರಲ್ಲಿ ಹೇಳು" ಎಂದು ಅಲ್ಲೇ ನಿಂತು ಅತ್ತಳು. ನಮ್ಮ ಅಕ್ಕ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ದಿನವೂ ಸಂಜೆ ಅದೇ ಕೆಲಸ. ಮೂಗಿನದನ್ನು ಕೈಗೆ ಗೊತ್ತಾಗುವ ಹಾಗೆ ಹೇಳುವುದು. ಬಿಸಿಲಿನಲ್ಲಿ ಒಣಗಿದ ಟವಲಿನ ಹಾಗೆ ಎನ್ನುವೆ. ಅವಳು ಕಣ್ಣು ಮುಚ್ಚಿ ತಲೆದೂಗುವಳು. ನಾನು ಹಗಲೆಲ್ಲ ಸಂಜೆಗೆ ಹೇಳಲು ಏನಾದರೂ ಹುಡುಕುತ್ತಾ, ಸಿಕ್ಕಿದ್ದನ್ನೆಲ್ಲ ಮುಟ್ಟಿ ನೋಡುತ್ತಾ ತಿರುಗಾಡುತ್ತಿದ್ದೆ. ಸಭಿಕರೇ, ಕಳೆದುಕೊಂಡವಳು ಅವಳು, ಬೆಲೆ ಕಲಿತವನು ನಾನು. ಇದು ಯಾವ ನ್ಯಾಯ? ಆ ಮೂಗು ವಾಪಸ್ಸು ಬರುತ್ತದೆ, ಬದಲಿಗೆ ಆ ಸಂಜೆಗಳನ್ನು ಕೊಟ್ಟುಬಿಡು ಎಂದು ಯಾರಾದರೂ ಕೇಳಿದರೆ ಕೊಡುತ್ತೇನೆಯೇ?

ಕೊಡುತ್ತೇನೆ.

ನೋಡಿದಿರಾ, ತಡವರಿಸಿದೆ. ಥಟ್ಟನೆ ಹೇಳಲಾಗಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯ ಸಂಜೆಗಳು ಮತ್ತೆ ಬರಲಿಲ್ಲ. ಅಯ್ಯೋ, ಅಧ್ಯಕ್ಷರು ಅಂದದ್ದನ್ನೇ ನಾನೂ ಅಂದ ಹಾಗಾಯಿತಲ್ಲ. ಅವಳು ಬೇಡವೆಂದ ಆ ಒಂದು ಮಾತು, ಅದೂ ನನ್ನ ಬಾಯಿಂದಲೇ.

ಅಕ್ಕ ಎದ್ದಳು. ಅಕ್ಕ, ಹೋಗಬೇಡ. ನಾನು ಹೇಳಬೇಕೆಂದದ್ದು ಅದಲ್ಲ. ಅದೇ ಇರಬಹುದು, ನನಗೆ ಗೊತ್ತಾಗುತ್ತಿಲ್ಲ. ದಯವಿಟ್ಟು ಬಾಗಿಲ ಹತ್ತಿರ ಇರುವವರು ಯಾರಾದರೂ...

ಇಲ್ಲ, ಬೇಡ. ಈ ಕಡೆಗೇ ಬರುತ್ತಿದ್ದಾಳೆ. ದಾರಿ ಬಿಡಿ. ಮಗು ಹೆಗಲ ಮೇಲಿದೆ, ಮೆಟ್ಟಿಲ ಹತ್ತಿರ ಕೈ ಕೊಡಿ ಕಾರ್ಯದರ್ಶಿಗಳೇ. ಅಧ್ಯಕ್ಷರೇ, ಫಲಕ ಆಮೇಲೆ. ಅವಳು ನಿಮ್ಮ ಹತ್ತಿರ ಬರುತ್ತಿಲ್ಲ.

ಇಗೋ, ಮೊಮ್ಮಗಳ ನೆತ್ತಿಯನ್ನು ನನ್ನ ಮೂಗಿಗೇ ಹಿಡಿದಿದ್ದಾಳೆ, ಮೈಕಿನ ಮುಂದೆಯೇ. ಒಂದು ನಿಮಿಷ ಕೊಡಿ, ಸಭಿಕರೇ.

ಅಕ್ಕ, ಹಿಟ್ಟು ಉಬ್ಬಿದ ಮೇಲೆ ಒದ್ದೆ ಬಟ್ಟೆ ತೆಗೆದು ಅಂಗೈ ಇಡ್ತೀಯಲ್ಲ, ಒಳಗಿಂದ ಬೆಚ್ಚಗೆ ಕೈಗೆ ತಾಗತ್ತಲ್ಲ, ಹಾಗಿದೆ. ನಿನ್ನ ಮಗಳದ್ದೂ ಹೀಗೇ ಇತ್ತು.

ಅಕ್ಕ ಕುರ್ಚಿಯಲ್ಲಿ ಕುಳಿತಳು. ಕೊಟ್ಟ ವಿಷಯಕ್ಕೆ ನನ್ನಿಂದ ಉತ್ತರ ಹೇಳಲಾಗಲಿಲ್ಲ, ಸಂಘದವರು ಮನ್ನಿಸಬೇಕು. ನಾಳೆಯ ಹಿಟ್ಟು ಕಾಯುತ್ತಿದ್ದರೂ ಕುಳಿತು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.